ಟ್ಯಾಬ್ಲೆಟ್ ವೈಫೈ ಕೈಬಿಡ್ತಿದೆಯಾ? ಮೊದಲು ಯಾರು ಬಿಟ್ಟಿದ್ದು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವರದು ಒಂದೇ ಗೋಳು. ಟ್ಯಾಬ್ಲೆಟ್ ವೈಫೈ ಹಿಡಿಯುತ್ತೆ, ಬಿಡುತ್ತೆ, ಮತ್ತೆ ಹಿಡಿಯುತ್ತೆ. ಪತ್ರಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಗೋಳು ಒಂದೇ ಆದರೂ ಕಾಯಿಲೆ ಬೇರೆ ಬೇರೆ ಅಂತ ಗೊತ್ತಾಗುತ್ತದೆ. ಹಾಗಾಗಿ ಇವತ್ತಿನ ಅಂಕಣ ಪೂರ್ತಿ ಇದಕ್ಕೇ. ಉಳಿದ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ತಾಳಿಕೊಳ್ಳಬೇಕು.

ಪ್ರಶ್ನೆ: ನನ್ನ ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ವೈಫೈ ಹೋಗುತ್ತದೆ. ಅದೇ ಕೋಣೆಯಲ್ಲಿ ನನ್ನ ಫೋನು, ಮಗಳ ಲ್ಯಾಪ್‌ಟಾಪು ಎರಡೂ ಆರಾಮಾಗಿ ನಡೆಯುತ್ತವೆ. ರೌಟರ್ ಆಫ್ ಮಾಡಿ ಆನ್ ಮಾಡಿದ್ದೂ ಆಯಿತು. ಟ್ಯಾಬ್ಲೆಟ್ ಫ್ಯಾಕ್ಟರಿ ರೀಸೆಟ್ ಮಾಡಿಬಿಡಲೇ?

ಉತ್ತರ: ಬೇಡ ಮೇಡಂ, ಇನ್ನೂ ಬೇಡ. ರೀಸೆಟ್ ಮಾಡಿದರೆ ನಿಮ್ಮ ಆ್ಯಪ್‌ಗಳು, ಸೆಟ್ಟಿಂಗ್‌ಗಳು ಎಲ್ಲ ಹೋಗಿ ಅರ್ಧ ದಿನ ಮತ್ತೆ ಜೋಡಿಸುತ್ತಾ ಕೂರಬೇಕು. ಅಷ್ಟೆಲ್ಲ ಮಾಡಿದ ಮೇಲೂ ತೊಂದರೆ ಹಾಗೇ ಉಳಿದರೆ ಅಳುವುದೊಂದೇ ಬಾಕಿ.

ಮೊದಲು ‘ಹೋಗುತ್ತದೆ’ ಅಂದರೆ ಏನು ಅಂತ ನೋಡೋಣ. ಇಲ್ಲಿ ಎರಡು ಕೊಂಡಿಗಳಿವೆ. ಒಂದು ಟ್ಯಾಬ್ಲೆಟ್‌ನಿಂದ ರೌಟರ್‌ಗೆ, ಇನ್ನೊಂದು ರೌಟರ್‌ನಿಂದ ಹೊರಗಿನ ಇಂಟರ್ನೆಟ್‌ಗೆ. ನಾವು ಎರಡನ್ನೂ ಸೇರಿಸಿ ‘ವೈಫೈ ಹೋಯ್ತು’ ಅಂದುಬಿಡುತ್ತೇವೆ. ಮುಂದಿನ ಸಲ ಹೋದಾಗ ಏನನ್ನೂ ಒತ್ತಬೇಡಿ, ಸುಮ್ನೆ ಪರದೆಯ ಮೇಲ್ಗಡೆ ಇರುವ ಬೀಸಣಿಗೆ ಆಕಾರದ ಗುರುತನ್ನು ನೋಡಿ. ಅದು ಪೂರ್ತಿ ಮಾಯವಾಗಿದ್ದರೆ ಟ್ಯಾಬ್ಲೆಟ್ಟಿಗೂ ರೌಟರ್‌ಗೂ ನಡುವೆಯೇ ಕೊಂಡಿ ಕಳಚಿದೆ. ಗುರುತು ಇದ್ದು ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಬಂದಿದ್ದರೆ ರೌಟರ್ ಸಿಕ್ಕಿದೆ, ಅದರಾಚೆಗೆ ಎಲ್ಲೋ ದಾರಿ ಮುಚ್ಚಿದೆ.

ಇನ್ನೂ ಖಾತ್ರಿ ಬೇಕಿದ್ದರೆ ರೌಟರ್ ತಿರುಗಿಸಿ ಅದರ ತಳದ ಸ್ಟಿಕ್ಕರ್ ನೋಡಿ. 192.168.1.1 ಅಥವಾ 192.168.0.1 ಅಂತ ಏನಾದರೂ ಬರೆದಿರುತ್ತದೆ. ಇಂಟರ್ನೆಟ್ ನಿಂತಾಗ ಟ್ಯಾಬ್ಲೆಟ್‌ನ ಬ್ರೌಸರ್‌ನಲ್ಲಿ ಅದನ್ನು ಟೈಪ್ ಮಾಡಿ. ರೌಟರ್‌ನ ಲಾಗಿನ್ ಪುಟ ತೆರೆದುಕೊಂಡಿತಾ? ಹಾಗಾದರೆ ಟ್ಯಾಬ್ಲೆಟ್–ರೌಟರ್ ಕೊಂಡಿ ಗಟ್ಟಿಯಾಗಿದೆ, ಟ್ಯಾಬ್ಲೆಟ್‌ಗೆ ಬೈಯುವುದನ್ನು ನಿಲ್ಲಿಸಬಹುದು.

ನಿಮ್ಮ ವಿಷಯದಲ್ಲಿ ಫೋನು, ಲ್ಯಾಪ್‌ಟಾಪು ಚೆನ್ನಾಗಿವೆ ಅಂದ ಮೇಲೆ ಅನುಮಾನ ಟ್ಯಾಬ್ಲೆಟ್ ಮೇಲೇ ಬೀಳುತ್ತದೆ. ಆದರೆ ನೀವು ಒಂದು ವಿಷಯ ಬರೆದಿಲ್ಲ. ಬಳಸುತ್ತಿರುವಾಗಲೇ ಹೋಗುತ್ತದಾ, ಇಲ್ಲಾ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಮತ್ತೆ ಕೈಗೆತ್ತಿಕೊಂಡಾಗ ಹೋಗಿರುತ್ತದಾ? ಎರಡನೆಯದಾದರೆ ಬ್ಯಾಟರಿ ಉಳಿಸುವ ಏರ್ಪಾಡಿನ ಕೆಲಸ ಇರಬಹುದು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಡೋಝ್ ಅನ್ನುವ ವ್ಯವಸ್ಥೆ ಇದೆ. ಪರದೆ ಆರಿ, ಸಾಧನ ಅಲುಗಾಡದೆ ಬಿದ್ದಿದ್ದರೆ ಆ್ಯಪ್‌ಗಳು ನೆಟ್ ಮುಟ್ಟದಂತೆ ತಡೆಯುತ್ತದೆ. ಇದರ ಮೇಲೆ ಟ್ಯಾಬ್ಲೆಟ್ ಕಂಪನಿಗಳು ತಮ್ಮದೇ ಬ್ಯಾಟರಿ ಸೇವರ್ ಬೇರೆ ತುಂಬಿರುತ್ತವೆ. ಹಳೇ ಟ್ಯಾಬ್ಲೆಟ್‌ಗಳಲ್ಲಂತೂ ವೈಫೈನ ಅಡ್ವಾನ್ಸ್ಡ್ ಪುಟದಲ್ಲಿ ‘ನಿದ್ದೆಯಲ್ಲೂ ವೈಫೈ ಆನ್ ಇರಲಿ’ ಅನ್ನುವ ಆಯ್ಕೆಯೇ ಇರುತ್ತಿತ್ತು. ಯಾವಾಗಲೂ, ಚಾರ್ಜ್‌ಗೆ ಹಾಕಿದಾಗ ಮಾತ್ರ, ಬೇಡವೇ ಬೇಡ ಅಂತ ಮೂರು. ಯಾರೋ ಯಾವತ್ತೋ ಮೂರನೆಯದನ್ನು ಒತ್ತಿ ಮರೆತಿರುವ ಟ್ಯಾಬ್ಲೆಟ್‌ಗಳನ್ನು ನಾನೇ ನೋಡಿದ್ದೇನೆ. ಪರೀಕ್ಷೆ ಸುಲಭ: ಚಾರ್ಜರ್‌ಗೆ ಹಾಕಿ, ಬ್ಯಾಟರಿ ಸೇವರ್ ಆಫ್ ಮಾಡಿ, ಪರದೆ ಅರ್ಧ ಗಂಟೆ ಆರದಂತೆ ಇಟ್ಟು ಒಂದು ವಿಡಿಯೊ ಓಡಿಸಿ. ಒಂದು ಸಲವೂ ಕಡಿಯಲಿಲ್ಲ ಅಂದರೆ ಕಳ್ಳ ಸಿಕ್ಕ ಹಾಗೇ.

ಬಳಸುತ್ತಿರುವಾಗಲೇ ಹೋಗುತ್ತದೆ ಅನ್ನುವುದಾದರೆ, ವೈಫೈ ಪಟ್ಟಿಯಲ್ಲಿ ನಿಮ್ಮ ನೆಟ್‌ವರ್ಕ್ ಹೆಸರು ಒತ್ತಿ ‘ಫರ್ಗೆಟ್’ ಕೊಟ್ಟು, ಪಾಸ್‌ವರ್ಡ್ ಹೊಸದಾಗಿ ಹಾಕಿ. ಅದಕ್ಕೂ ಜಗ್ಗದಿದ್ದರೆ ‘ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್’. ಇದು ಫ್ಯಾಕ್ಟರಿ ರೀಸೆಟ್ ಅಲ್ಲ, ಫೋಟೊ, ಆ್ಯಪ್ ಯಾವುದಕ್ಕೂ ಏನೂ ಆಗುವುದಿಲ್ಲ. ನೆನಪಿಟ್ಟ ವೈಫೈ ಪಾಸ್‌ವರ್ಡ್‌ಗಳು ಮತ್ತು ಬ್ಲೂಟೂತ್ ಜೋಡಿಗಳು ಮಾತ್ರ ಅಳಿಸಿ ಹೋಗುತ್ತವೆ, ಅದಕ್ಕೇ ಪಾಸ್‌ವರ್ಡ್ ಮೊದಲೇ ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಇನ್ನೊಂದು. ನಿಮ್ಮ ರೌಟರ್ ಹೊಸದು, ಟ್ಯಾಬ್ಲೆಟ್ ಹಳೆಯದು ಆಗಿದ್ದರೆ ರೌಟರ್‌ನ ಸೆಕ್ಯುರಿಟಿ ಪುಟ ನೋಡಿ. ವೈಫೈಗೆ ಹಾಕುವ ಬೀಗದ ಹೊಸ ಮಾದರಿಯಾದ ಡಬ್ಲ್ಯುಪಿಎ3 ಬಂದಿದ್ದು 2018ರಲ್ಲಿ. ಅದಕ್ಕಿಂತ ಹಿಂದಿನ ಕೆಲವು ಟ್ಯಾಬ್ಲೆಟ್‌ಗಳು ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಬೆರೆಸಿಟ್ಟ ನೆಟ್‌ವರ್ಕ್‌ನಲ್ಲಿ ಮುಗ್ಗರಿಸುತ್ತವೆ. ಒಂದು ದಿನ ಬರೀ ಡಬ್ಲ್ಯುಪಿಎ2 ಇಟ್ಟು ನೋಡಿ.

ಪ್ರಶ್ನೆ: ಹಾಲ್‌ನಲ್ಲಿ ಕೂತರೆ ಚೆನ್ನಾಗಿದೆ, ಮಲಗುವ ಕೋಣೆಗೆ ಹೋದ ಕೂಡಲೇ ಐಪ್ಯಾಡ್ ಒದ್ದಾಡುತ್ತದೆ. ವಿಚಿತ್ರ ಅಂದರೆ ಮೊದಲು ವೈಫೈ ಆಫ್ ಮಾಡಿ ಆ ಕೋಣೆಗೆ ಹೋಗಿ ಆನ್ ಮಾಡಿದರೆ ಪರವಾಗಿಲ್ಲ! ಸಿಗ್ನಲ್ ಮುಂದಕ್ಕೆ ದಾಟಿಸುವ ರೇಂಜ್ ಎಕ್ಸ್‌ಟೆಂಡರ್ ಕೂಡ ಹಾಕಿಸಿದ್ದೇನೆ.

ಉತ್ತರ: ವಿಚಿತ್ರ ಅಂದಿರಲ್ಲ, ಅದರಲ್ಲೇ ಉತ್ತರ ಇದೆ.

ಟ್ಯಾಬ್ಲೆಟ್‌ಗಳಿಗೆ ಒಂದು ಹಟ. ಒಮ್ಮೆ ಹಿಡಿದ ಸಿಗ್ನಲ್ಲನ್ನು ಅಷ್ಟು ಬೇಗ ಬಿಡುವುದಿಲ್ಲ. ಹಾಲ್‌ನ ರೌಟರ್ ಹಿಡಿದುಕೊಂಡೇ ನೀವು ಮಲಗುವ ಕೋಣೆಗೆ ಬರುತ್ತೀರಿ, ಎಕ್ಸ್‌ಟೆಂಡರ್ ಎರಡಡಿ ದೂರದಲ್ಲಿ ಕೂಗುತ್ತಿದ್ದರೂ ಐಪ್ಯಾಡ್ ಮಾತ್ರ ಹಾಲ್‌ನಿಂದ ಬರುವ ಪಿಸುಮಾತಿಗೇ ಕಿವಿ ಕೊಟ್ಟು ಕೂತಿರುತ್ತದೆ. ನೀವು ಆಫ್ ಮಾಡಿ ಆನ್ ಮಾಡಿದಾಗ ಅದು ಹೊಸದಾಗಿ ಹುಡುಕಿ ಹತ್ತಿರದ್ದನ್ನು ಹಿಡಿಯುತ್ತದೆ. ಅಷ್ಟೇ ಗುಟ್ಟು. ಯಾವಾಗ ಬಿಡಬೇಕು ಅನ್ನುವ ತೀರ್ಮಾನ ಹೆಚ್ಚಾಗಿ ಟ್ಯಾಬ್ಲೆಟ್‌ನದೇ, ರೌಟರ್‌ನದಲ್ಲ.

ಇದರ ಜೊತೆಗೆ ಬ್ಯಾಂಡ್, ಅಂದರೆ ವೈಫೈ ಓಡುವ ರೇಡಿಯೊ ದಾರಿಗಳ, ಕಥೆ ಇದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಅಲ್ಲಿ ಜನಜಂಗುಳಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ಕಂಡರೆ ಸುಸ್ತು. ಅದರಲ್ಲೂ ಕಬ್ಬಿಣದ ಸರಳು ಇರುವ ಕಾಂಕ್ರೀಟು, ದೊಡ್ಡ ಕನ್ನಡಿ, ಲೋಹದ ಬೀರು ಅಡ್ಡ ಬಂದರೆ ಮುಗೀತು. ಎರಡೂ ಬ್ಯಾಂಡ್‌ಗೆ ಒಂದೇ ಹೆಸರು ಇಟ್ಟಿದ್ದರೆ ಅಂಚಿನ ಜಾಗದಲ್ಲಿ ಟ್ಯಾಬ್ಲೆಟ್ ಆ ಕಡೆಗೂ ಈ ಕಡೆಗೂ ಜಿಗಿಯುತ್ತಿರುತ್ತದೆ. ಪ್ರತಿ ಜಿಗಿತಕ್ಕೂ ಒಂದು ಸಣ್ಣ ಕಡಿತ. ರೌಟರ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ, ಐಪ್ಯಾಡ್‌ನಲ್ಲಿ 2.4ರ ಹೆಸರನ್ನು ಮಾತ್ರ ನೆನಪಿಡಲು ಬಿಟ್ಟು ಇನ್ನೊಂದನ್ನು ಮರೆಸಿ, ಎರಡು ದಿನ ಓಡಾಡಿ ನೋಡಿ. ಎಕ್ಸ್‌ಟೆಂಡರ್‌ಗೂ ಅಷ್ಟೇ, ಅದಕ್ಕೆ ಬೇರೆ ಹೆಸರಿದ್ದರೆ ಯಾವುದನ್ನು ಹಿಡಿದಿದ್ದೀರಿ ಅನ್ನುವುದಾದರೂ ಕಣ್ಣಿಗೆ ಕಾಣುತ್ತದೆ.

ಅಂದ ಹಾಗೆ ಆ ಎಕ್ಸ್‌ಟೆಂಡರ್ ಎಲ್ಲಿಟ್ಟಿದ್ದೀರಿ? ಸಿಗ್ನಲ್ ಸಿಗದ ಕೋಣೆಯಲ್ಲೇ ಅದನ್ನು ಸಿಕ್ಕಿಸುವವರೇ ಜಾಸ್ತಿ. ಅದಕ್ಕೇ ಸಿಗ್ನಲ್ ಸಿಗದಿದ್ದರೆ ನಿಮಗೆ ಏನು ಕೊಡುತ್ತದೆ ಪಾಪ. ರೌಟರ್‌ಗೂ ಕೋಣೆಗೂ ನಡುಮಧ್ಯೆ, ಇನ್ನೂ ಸಿಗ್ನಲ್ ಚೆನ್ನಾಗಿರುವ ಜಾಗದಲ್ಲಿಡಬೇಕು.

ಪ್ರಶ್ನೆ: ದಿನಕ್ಕೊಂದು ಸಲ, ಹೆಚ್ಚುಕಡಿಮೆ ಅದೇ ಹೊತ್ತಿಗೆ ನೆಟ್ ನಿಲ್ಲುತ್ತದೆ. ಟ್ಯಾಬ್ಲೆಟ್‌ನ ವೈಫೈ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಇಡೀ ದಿನ ತೊಂದರೆ ಇಲ್ಲ. ಗಡಿಯಾರ ಇಟ್ಟ ಹಾಗೆ ಇದೆಯಲ್ಲ, ಏನಿದು?

ಉತ್ತರ: ನಿಮಗೆ ಪೂರ್ತಿ ಮಾರ್ಕ್ಸ್. ಹೊತ್ತು ಗಮನಿಸಿದಿರಲ್ಲ, ಅರ್ಧ ಕೆಲಸ ಮುಗೀತು.

ಮನೆಯಲ್ಲಿರುವ ಪ್ರತಿ ಸಾಧನಕ್ಕೂ ರೌಟರ್ ಒಂದು ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ನಂಬರ್, ಕೊಡುತ್ತದೆ. ಸ್ವಂತಕ್ಕಲ್ಲ, ಲೀಸ್‌ಗೆ. ನಿಜಕ್ಕೂ ಅದರ ಹೆಸರೇ ಲೀಸ್. ಎಷ್ಟೋ ರೌಟರ್‌ಗಳಲ್ಲಿ ಅವಧಿ 24 ಗಂಟೆ. ಅರ್ಧ ಅವಧಿ ಕಳೆದಾಗಲೇ ಟ್ಯಾಬ್ಲೆಟ್ ‘ಮುಂದುವರಿಸಿಕೊಡಿ’ ಅಂತ ಕೇಳಬೇಕು, ರೌಟರ್ ಹೂಂ ಅನ್ನಬೇಕು. ಈ ಮಾತುಕತೆ ಕೆಟ್ಟರೆ ಅವಧಿ ಮುಗಿದ ಕೂಡಲೇ ಟ್ಯಾಬ್ಲೆಟ್ ಬೀದಿಪಾಲು. ಇನ್ನೂ ಕೆಟ್ಟದ್ದು, ಅವಧಿ ಮುಗಿದರೂ ಖಾಲಿ ಮಾಡದೆ ಅದೇ ಅಡ್ರೆಸ್‌ನಲ್ಲಿ ಕೂತಿರುವುದು. ಅಷ್ಟರಲ್ಲಿ ರೌಟರ್ ಅದನ್ನು ಇನ್ನೊಂದು ಸಾಧನಕ್ಕೆ ಕೊಟ್ಟಿದ್ದರೆ ಒಂದೇ ಮನೆಗೆ ಇಬ್ಬರು ಬಾಡಿಗೆದಾರರು! ಇದು ಬರೀ ಅಗ್ಗದ ಟ್ಯಾಬ್ಲೆಟ್‌ಗಳ ಹಣೆಬರಹ ಅಂದುಕೊಳ್ಳಬೇಡಿ. 2010ರಲ್ಲಿ ಮೊಟ್ಟಮೊದಲ ಐಪ್ಯಾಡ್ ಬಂದ ಹೊಸತರಲ್ಲೇ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನವರು ಇದೇ ದೂರು ಬರೆದಿದ್ದರು, ಲೀಸ್ ಮುಗಿದರೂ ಐಪ್ಯಾಡ್‌ಗಳು ಅಡ್ರೆಸ್ ಬಿಡುತ್ತಿಲ್ಲ ಅಂತ.

ನೀವು ಮಾಡಬೇಕಾದ್ದು ಇಷ್ಟು. ಮುಂದಿನ ಸಲ ನಿಂತಾಗ ವೈಫೈ ವಿವರದಲ್ಲಿ ಐಪಿ ಅಡ್ರೆಸ್ ನೋಡಿ. ಅದು 169.254 ಅಂತ ಶುರುವಾದರೆ ರೌಟರ್‌ನಿಂದ ಏನೂ ಸಿಗದೆ ಟ್ಯಾಬ್ಲೆಟ್ ತನಗೆ ತಾನೇ ಒಂದು ನಂಬರ್ ಇಟ್ಟುಕೊಂಡಿದೆ ಅಂತ ಅರ್ಥ. ಯಾವತ್ತಾದರೂ ‘ಸ್ಟ್ಯಾಟಿಕ್’ ಅಂತ ಕೈಯಾರೆ ಅಡ್ರೆಸ್ ಹಾಕಿದ್ದೀರಾ? ಹಾಕಿದ್ದರೆ ಅದನ್ನು ತೆಗೆದು ಆಟೊಮ್ಯಾಟಿಕ್‌ಗೆ ಬಿಡಿ. ಪಕ್ಕಾ ಒಂದೇ ಅಡ್ರೆಸ್ ಬೇಕು ಅನ್ನುವವರು ಟ್ಯಾಬ್ಲೆಟ್‌ನಲ್ಲಿ ಹಾಕಬಾರದು, ರೌಟರ್‌ನಲ್ಲೇ ಆ ಟ್ಯಾಬ್ಲೆಟ್ ಹೆಸರಿಗೆ ರಿಸರ್ವ್ ಮಾಡಬೇಕು. ರೌಟರ್, ಟ್ಯಾಬ್ಲೆಟ್ ಎರಡರ ಸಾಫ್ಟ್‌ವೇರ್ ಅಪ್‌ಡೇಟ್ ಕೂಡ ಇಲ್ಲಿ ಸುಮ್ಮನೆ ಹೇಳುವ ಮಾತಲ್ಲ, ಇಂಥ ತಪ್ಪುಗಳು ಸರಿಹೋಗುವುದು ಅದರಲ್ಲೇ.

ರಿಸರ್ವ್ ಮಾಡುವಾಗ ಒಂದು ತೊಡಕು ಸಿಗಬಹುದು. ಆಂಡ್ರಾಯ್ಡ್ 10 ಬಂದ 2019ರಿಂದ, ಐಪ್ಯಾಡ್‌ನಲ್ಲಿ 2020ರಿಂದ, ಸಾಧನಗಳು ತಮ್ಮ ನಿಜವಾದ ಮ್ಯಾಕ್ ಅಡ್ರೆಸ್ (ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ನಂಬರ್, ರೌಟರ್ ಸಾಧನವನ್ನು ಗುರುತು ಹಿಡಿಯುವುದು ಇದರಿಂದಲೇ) ಹೇಳದೆ ಒಂದು ಸುಳ್ಳು ಅಡ್ರೆಸ್ ಹೇಳುತ್ತವೆ. ನಮ್ಮ ಖಾಸಗಿತನಕ್ಕೆ ಒಳ್ಳೆಯದೇ. ಆದರೆ ಆ ಅಡ್ರೆಸ್ ಬದಲಾದ ದಿನ ರೌಟರ್ ಕಣ್ಣಿಗೆ ನಿಮ್ಮ ಟ್ಯಾಬ್ಲೆಟ್ ಯಾರೋ ಅಪರಿಚಿತ. ಮಕ್ಕಳ ಬಳಕೆಗೆ ಸಮಯದ ಮಿತಿ ಹಾಕಿದವರು, ಗೊತ್ತಿರುವ ಸಾಧನಗಳನ್ನು ಮಾತ್ರ ಒಳಗೆ ಬಿಡುವವರು ಇದರಿಂದ ಸುಸ್ತಾಗುತ್ತಾರೆ. ಸ್ವಂತ ಮನೆಯ ವೈಫೈಗೆ ಮಾತ್ರ ಸುಳ್ಳು ಅಡ್ರೆಸ್ ಹೇಳುವ ಆಯ್ಕೆ ಆಫ್ ಮಾಡಿಕೊಳ್ಳಿ, ಹೊರಗಿನವಕ್ಕೆ ಇರಲಿ.

ಪ್ರಶ್ನೆ: ವೈಫೈ ಗುರುತು ತುಂಬಾ ಇದೆ, ‘ಕನೆಕ್ಟೆಡ್’ ಅಂತಲೂ ಇದೆ, ಒಂದು ಪುಟವೂ ತೆರೆಯುವುದಿಲ್ಲ. ತಿಂಗಳುಗಟ್ಟಲೆ ಡ್ರಾಯರ್‌ನಲ್ಲಿದ್ದ ಟ್ಯಾಬ್ಲೆಟ್ ಇದು.

ಉತ್ತರ: ತಾರೀಕು ನೋಡಿ! ಬ್ಯಾಟರಿ ಪೂರ್ತಿ ಸತ್ತು ಎದ್ದ ಟ್ಯಾಬ್ಲೆಟ್ ಎಷ್ಟೋ ಸಲ ಹಳೇ ಕಾಲದಲ್ಲೇ ಇರುತ್ತದೆ. ಗಡಿಯಾರ ತಪ್ಪಿದ್ದರೆ ವೆಬ್‌ಸೈಟ್‌ಗಳ ಭದ್ರತಾ ಸರ್ಟಿಫಿಕೇಟ್‌ಗಳು ಹೊಂದುವುದಿಲ್ಲ, ಪುಟ ತೆರೆಯುವುದಿಲ್ಲ. ತಾರೀಕು ಸರಿ ಇದ್ದರೆ ವಿಪಿಎನ್ (ನೆಟ್ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ಆ್ಯಪ್), ಜಾಹೀರಾತು ತಡೆಯುವ ಆ್ಯಪ್, ‘ಪ್ರೈವೇಟ್ ಡಿಎನ್ಎಸ್’ (ವೆಬ್‌ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕುವ ಸೆಟ್ಟಿಂಗ್) ಇವುಗಳನ್ನು ಒಂದೊಂದಾಗಿ ಆಫ್ ಮಾಡಿ. ಮೂರನ್ನೂ ಒಟ್ಟಿಗೆ ಮಾಡಬೇಡಿ, ಆಮೇಲೆ ಯಾವುದರಿಂದ ಸರಿಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಪ್ರಶ್ನೆ: ಟ್ಯಾಬ್ಲೆಟ್‌ಗೆ ಯುಎಸ್‌ಬಿ ಹಬ್ ಹಾಕಿ ಕೀಬೋರ್ಡು, ಹಾರ್ಡ್‌ಡಿಸ್ಕು ಜೋಡಿಸಿ ಕೆಲಸ ಮಾಡುತ್ತೇನೆ. ಫೈಲ್ ಕಾಪಿ ಮಾಡುವಾಗಲೆಲ್ಲ ವೈಫೈ ಕುಂಟುತ್ತದೆ. ಕಾಕತಾಳೀಯ ಇರಬಹುದಾ?

ಉತ್ತರ: ಕಾಕತಾಳೀಯ ಅಲ್ಲ, ಮತ್ತು ಈ ಪ್ರಶ್ನೆ ಓದಿ ನನಗೆ ಸ್ವಲ್ಪ ನಗು ಬಂತು, ಯಾಕೆಂದರೆ ಇದೇ ಗುಂಡಿಗೆ ನಾನೂ ಬಿದ್ದಿದ್ದೆ. ಎರಡು ಸಂಜೆ ರೌಟರ್‌ನ ಎಲ್ಲ ಪುಟಗಳನ್ನೂ ತಡಕಾಡಿದೆ. ಚಾನೆಲ್ (ಬ್ಯಾಂಡ್ ಒಳಗಿನ ಒಂದೊಂದು ಓಣಿ) ಬದಲಿಸಿದೆ, ಪಾಸ್‌ವರ್ಡ್ ಬದಲಿಸಿದೆ, ರೌಟರ್ ಜಾಗ ಬದಲಿಸಿದೆ. ಕೊನೆಗೆ ಬೇಸತ್ತು ಎದ್ದು ಹೋಗುವಾಗ ಹಾರ್ಡ್‌ಡಿಸ್ಕಿನ ವೈರ್ ಕಿತ್ತೆ ನೋಡಿ, ವೈಫೈ ಗುರುತಿನಲ್ಲಿ ಒಂದೇ ಒಂದು ಗೆರೆ ಇದ್ದದ್ದು ಕಣ್ಣೆದುರೇ ಮೂರಾಯಿತು. ಮತ್ತೆ ಸಿಕ್ಕಿಸಿದೆ, ಒಂದು. ಕಿತ್ತೆ, ಮೂರು. ಹುಚ್ಚನ ಹಾಗೆ ಐದಾರು ಸಲ ಮಾಡಿದೆ.

ಯುಎಸ್‌ಬಿ 3ರಲ್ಲಿ ಡೇಟಾ ಓಡುವಾಗ ಅದರ ವೈರು, ಕನೆಕ್ಟರುಗಳಿಂದ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಆಸುಪಾಸಿಗೂ ಹರಡುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ಅಳತೆ ಸಮೇತ ಬರೆದಿದೆ. ಟ್ಯಾಬ್ಲೆಟ್‌ನ ಆಂಟೆನಾ ಇರುವುದು ಅಂಚಿನಲ್ಲಿ, ಹಬ್ ಸಿಕ್ಕಿಸುವುದೂ ಅಂಚಿನಲ್ಲೇ. ಕಿವಿ ಪಕ್ಕ ಮಿಕ್ಸರ್ ಓಡಿಸಿದ ಹಾಗೆ. ಅದಕ್ಕೆ ಟ್ಯಾಬ್ಲೆಟ್ಟನ್ನು 5 ಗಿಗಾಹರ್ಟ್ಸ್‌ಗೆ ಹಾಕಿ, ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ. ಆಗದಿದ್ದರೆ ಒಂದು ಒಳ್ಳೆಯ, ಸ್ವಲ್ಪ ಉದ್ದದ ವೈರ್ ತಂದು ಹಬ್ಬನ್ನು ದೂರ ಸರಿಸಿ. ರೌಟರ್‌ನ ಬೆನ್ನಿಗೇ ಹಾರ್ಡ್‌ಡಿಸ್ಕ್ ಸಿಕ್ಕಿಸಿಟ್ಟವರೂ ಇದನ್ನು ಓದಿಕೊಳ್ಳಿ.

ಪ್ರಶ್ನೆ: ಅಡುಗೆಮನೆಯಲ್ಲಿ ಮೈಕ್ರೋವೇವ್ ಹಾಕಿದಾಗ ನನ್ನ ಟ್ಯಾಬ್ಲೆಟ್ ನಿಲ್ಲುತ್ತದೆ ಅಂದರೆ ಮನೆಯವರು ನಗುತ್ತಾರೆ.

ಉತ್ತರ: ನಗಲಿ ಬಿಡಿ, ನೀವು ಹೇಳಿದ್ದೇ ಸರಿ. ಮೈಕ್ರೋವೇವ್ ಓಡುವುದು 2.45 ಗಿಗಾಹರ್ಟ್ಸ್ ಸುತ್ತಮುತ್ತ, ನಿಮ್ಮ ವೈಫೈ 2.4ರಲ್ಲಿ. ಸ್ವಲ್ಪ ಸೋರಿದರೂ ವೈಫೈಗೆ ಅದು ದೊಡ್ಡ ಗಲಾಟೆ, ನಿಮ್ಮ ಮೈಗೇನೂ ಆಗುವಷ್ಟಲ್ಲ. 5ಕ್ಕೆ ಬದಲಿಸಿ. ಅದಾಗದಿದ್ದರೆ ಚಾನೆಲ್ ಬದಲಿಸಿ ನೋಡಿ, 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11. ನಡುವಿನವಕ್ಕೆ ಹೋಗಿ ಬುದ್ಧಿವಂತಿಕೆ ತೋರಿಸಿದರೆ ಎರಡು ಕಡೆಯಿಂದಲೂ ಹೊಡೆತ.

ಪ್ರಶ್ನೆ: ನೀವು ಹೇಳಿದ 5 ಗಿಗಾಹರ್ಟ್ಸ್‌ನಲ್ಲೇ ಇದ್ದೇನೆ. ಅದರ ಹೆಸರೇ ಆಗಾಗ ಪಟ್ಟಿಯಿಂದ ಮಾಯವಾಗುತ್ತದೆ. ಒಂದೆರಡು ನಿಮಿಷಕ್ಕೆ ವಾಪಸ್ ಬರುತ್ತದೆ. ಎಲ್ಲ ಸಾಧನಗಳಲ್ಲೂ.

ಉತ್ತರ: ಎಲ್ಲ ಸಾಧನಗಳಲ್ಲೂ ಅಂದಿರಿ, ಟ್ಯಾಬ್ಲೆಟ್ ಬಚಾವ್. ಇದು ರೌಟರ್‌ನದು, ಮತ್ತು ಬಹುಶಃ ಅದು ಕಾನೂನು ಪಾಲಿಸುತ್ತಿದೆ. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳನ್ನು, ಎಷ್ಟೋ ದೇಶಗಳಲ್ಲಿ 52ರಿಂದ 144ರವರೆಗೆ, ಹವಾಮಾನದಂಥ ರಾಡಾರ್‌ಗಳ ಜೊತೆ ಹಂಚಿಕೊಳ್ಳಬೇಕು. ರಾಡಾರ್ ಸದ್ದು ಕೇಳಿತು ಅನ್ನಿಸಿದರೆ ರೌಟರ್ ಕೂಡಲೇ ಜಾಗ ಬಿಡಬೇಕು. ಇನ್ನೊಂದು ಅಂಥದೇ ಚಾನೆಲ್‌ಗೆ ಹೋದರೆ ಅಲ್ಲೂ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೇಳಿ ಆಮೇಲೆ ಬಾಯಿ ತೆರೆಯಬೇಕು. ನಿಮ್ಮ ಆ ಒಂದೆರಡು ನಿಮಿಷ ಅದೇ ಇರಬೇಕು. ರೌಟರ್‌ನಲ್ಲಿ ಚಾನೆಲ್ ‘ಆಟೊ’ ತೆಗೆದು 36, 40, 44, 48ರಲ್ಲಿ ಒಂದನ್ನು ಇಡಿ.

ಪ್ರಶ್ನೆ: ರಿಪೇರಿ ಮಾಡುವವರು ವೈಫೈ ಚಿಪ್ ಹೋಗಿದೆ, ಹೊಸ ಟ್ಯಾಬ್ಲೆಟ್ ತಗೊಳ್ಳಿ ಅಂದರು. ನಂಬಲೇ?

ಉತ್ತರ: ನಂಬುವ ಮೊದಲು ಒಂದು ಪರೀಕ್ಷೆ, ಖರ್ಚಿಲ್ಲದ್ದು. ಮನೆಯ ವೈಫೈ ಬಿಟ್ಟು, ಫೋನ್‌ನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ ಟ್ಯಾಬ್ಲೆಟ್ಟನ್ನು ಅದಕ್ಕೆ ಜೋಡಿಸಿ. ಪಕ್ಕದಲ್ಲಿಟ್ಟುಕೊಂಡು ಒಂದು ಗಂಟೆ ಬಳಸಿ. ಅಲ್ಲಿ ಒಮ್ಮೆಯೂ ಕಡಿಯದಿದ್ದರೆ ಚಿಪ್ ಸತ್ತಿಲ್ಲ, ತೊಂದರೆ ಮನೆಯ ರೌಟರ್ ಜೊತೆಗಿನ ಹೊಂದಾಣಿಕೆಯದು. ಹಾಟ್‌ಸ್ಪಾಟ್‌ನಲ್ಲೂ ಕಡಿಯುತ್ತಿದೆ, ರೌಟರ್ ಪಕ್ಕ ಕೂತರೂ ಒಂದೇ ಗೆರೆ, ಬ್ಲೂಟೂತೂ ಕೈಕೊಡುತ್ತಿದೆ (ಸಾಮಾನ್ಯವಾಗಿ ಎರಡಕ್ಕೂ ಚಿಪ್ ಒಂದೇ) ಅಂದರೆ ಆಗ ಅವರ ಮಾತಿನಲ್ಲಿ ತೂಕ ಇದೆ.

ಸಿಗ್ನಲ್ ಅಳೆಯುವ ಆ್ಯಪ್ ಹಾಕಿದರೆ ಮೈನಸ್ ನಂಬರ್ ತೋರಿಸುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಗಟ್ಟಿ. ಮೈನಸ್ 50 ಅಂದರೆ ಭೇಷ್, 67ರವರೆಗೆ ಪರವಾಗಿಲ್ಲ, 80 ದಾಟಿದರೆ ಕಡಿಯುವುದು ಸಹಜ. ಒಂದೇ ಜಾಗದಲ್ಲಿ, ಒಂದೇ ಬ್ಯಾಂಡ್‌ನಲ್ಲಿ ಫೋನ್ 45 ತೋರಿಸಿ ಟ್ಯಾಬ್ಲೆಟ್ 75 ತೋರಿಸಿದರೆ ಆಂಟೆನಾದಲ್ಲೇ ಏನೋ ಆಗಿದೆ. ಆದರೆ ಅಳೆಯುವ ಮುಂಚೆ ಕವರ್ ಬಿಚ್ಚಿ. ಲೋಹದ ತಟ್ಟೆ ಇರುವ ಕವರ್‌ಗಳು ಆಂಟೆನಾ ಮೇಲೇ ಕೂತು ಉಸಿರು ಕಟ್ಟಿಸುವುದುಂಟು. ಬಿದ್ದಿತ್ತಾ, ಬ್ಯಾಟರಿ ಬದಲಾಯಿಸಿದ್ದಿರಾ? ಆಗಿನಿಂದಲೇ ಶುರುವಾಗಿದ್ದರೆ ಒಳಗಿನ ಆಂಟೆನಾ ವೈರ್ ಕಳಚಿರಬಹುದು, ಅದಕ್ಕೆ ಹೊಸ ಟ್ಯಾಬ್ಲೆಟ್ ಬೇಕಿಲ್ಲ. ಹಿಂದಿನ ಮುಚ್ಚಳ ಉಬ್ಬಿದ ಹಾಗೆ ಕಂಡರೆ ಮಾತ್ರ ವೈಫೈ ವಿಷಯ ಬಿಡಿ, ಅದು ಊದಿದ ಬ್ಯಾಟರಿ. ಬಳಸುವುದನ್ನೂ ಚಾರ್ಜ್ ಮಾಡುವುದನ್ನೂ ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ಇಂಟರ್ನೆಟ್ ಕೊಡುವ ಕಂಪನಿಗೆ ಫೋನ್ ಮಾಡಿದರೆ ಪ್ರತಿ ಸಲ ‘ರೌಟರ್ ರೀಸ್ಟಾರ್ಟ್ ಮಾಡಿ’ ಅಂತಾರೆ. ಮಾಡಿದರೆ ಸರಿಯೂ ಹೋಗುತ್ತದೆ. ಮರುದಿನ ಮತ್ತೆ ಅದೇ.

ಉತ್ತರ: ರೀಸ್ಟಾರ್ಟ್‌ನಿಂದ ಕೆಡುಕಿಲ್ಲ, ಆದರೆ ಅದು ಉಳಿದಿದ್ದ ಗುರುತನ್ನೂ ಅಳಿಸಿಬಿಡುತ್ತದೆ. ಈ ಸಲ ನಿಂತಾಗ ರೌಟರ್ ಮುಟ್ಟುವ ಮೊದಲು ಅದರ ದೀಪಗಳ ಒಂದು ಫೋಟೊ ತೆಗೆಯಿರಿ. ಫೈಬರ್ ಆಗಿದ್ದರೆ ‘ಎಲ್ಒಎಸ್’ ಅಂತ ಬರೆದ ಕಡೆ ಕೆಂಪು ದೀಪ ಉರಿಯುತ್ತಿದೆಯಾ ನೋಡಿ. ಉರಿಯುತ್ತಿದ್ದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ, ನೀವು ಎಷ್ಟು ರೀಸ್ಟಾರ್ಟ್ ಮಾಡಿದರೂ ಅಷ್ಟೇ. ಆಮೇಲೆ ರೌಟರ್ ಮುಟ್ಟಿ ನೋಡಿ, ಕೈ ಚುರುಕ್ ಅನ್ನುವಷ್ಟು ಬಿಸಿ ಇದ್ದರೆ ಟಿವಿ ಹಿಂದಿನಿಂದ ತೆಗೆದು ಗಾಳಿಯಾಡುವ ಕಡೆ ಇಡಿ. ನಾಲ್ಕು ದಿನ ನಿಂತ ಹೊತ್ತು, ದೀಪದ ಬಣ್ಣ, ಯಾವ್ಯಾವ ಸಾಧನ ನಿಂತವು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಫೋನ್ ಮಾಡಿ, ಫೋನೆತ್ತಿದವರು ರೀಸ್ಟಾರ್ಟ್ ಅನ್ನುವ ಮೊದಲೇ ಚೀಟಿ ಓದಲು ಶುರು ಮಾಡಿ.